ಕೊಡೆ ಲೈಟು ಮತ್ತು ತೊಟ್ಟಿಲು

ಸಿಟ್ಟು ಬಂದಾಗ ಕೆಲವರು ಕೂಗಾಡುತ್ತಾರೆ, ಕೆಲವರು ತಟ್ಟೆ ಎಸೆಯುತ್ತಾರೆ. ನನಗೆ ಮಾತ್ರ ಪಾಠ ಬರುತ್ತದೆ. ಚನ್ನಗಿರಿಯ ಕಾಲೇಜಿನಲ್ಲಿ ಇಪ್ಪತ್ತು ವರ್ಷದಿಂದ ಭೌತಶಾಸ್ತ್ರ ಹೇಳುತ್ತಿರುವುದರ ಫಲ. ಜೊತೆಗೆ ಫಿಲ್ಮ್ ರೀಲಿನ ಕಾಲದಿಂದಲೂ ಕ್ಯಾಮೆರಾದ ಹುಚ್ಚು ಬೇರೆ. ಹಾಗಾಗಿ ಯಾವ ಸಮಾರಂಭಕ್ಕೆ ಹೋದರೂ ತಿಂಡಿಗಿಂತ ಮೊದಲು ಫೋಟೋಗ್ರಾಫರನ್ನು ಹುಡುಕುತ್ತೇನೆ. ನನ್ನನ್ನು ಬಲ್ಲವರು ಬ್ಯಾಟರಿ ಬದಲಿಸುವ ನೆಪದಲ್ಲಿ ಬೆನ್ನು ತಿರುಗಿಸುತ್ತಾರೆ.

ಹೋದ ವಾರ ಹೊನ್ನಾಳಿಯ ಸಮುದಾಯ ಭವನದಲ್ಲಿ ನನ್ನ ಅಕ್ಕನ ಮೊಮ್ಮಗಳ ನಾಮಕರಣ. ಫೋಟೋ ತೆಗೆಯಲು ನ್ಯಾಮತಿಯಿಂದ ಮಂಜಣ್ಣ ಬಂದಿದ್ದ. ಬೆಳಿಗ್ಗೆಯೇ ಅವನನ್ನು ಹಿಡಿದೆ. "ಒಂದೇ ಮೆಮೊರಿ ಕಾರ್ಡ್ ನಂಬ್ಕೋಬೇಡ ಕಣಯ್ಯಾ. ಪ್ರತಿ ಫೋಟೋ ಎರಡು ಕಾರ್ಡಿಗೂ ಹೋಗೋ ಹಂಗೆ ಮಾಡ್ಕೋ. ಒಂದು ಕೆಟ್ರೆ ಇನ್ನೊಂದು ಇರ್ತೈತೆ." "ಹಂಗೇ ಮಾಡ್ತೀನಿ ಸಾರ್" ಎಂದು ಅವನು ಅಲ್ಲೇ ಸೆಟ್ಟಿಂಗ್ ಬದಲಿಸಿದ. ನನ್ನ ವಿದ್ಯಾರ್ಥಿಗಳಲ್ಲಿ ಒಬ್ಬನೂ ಇಷ್ಟು ಬೇಗ ಮಾತು ಕೇಳಿದವನಲ್ಲ.

ಊಟವಾದ ಮೇಲೆ ಹೊರಟವರಿಗೆ ತಾಂಬೂಲದ ಕಾಯಿ ಕೊಡುವ ಕೆಲಸ ನನ್ನದು. ಎಲ್ಲರೂ ತೊಟ್ಟಿಲ ಪಕ್ಕ ನಿಂತು ಫೋಟೋ ತೆಗೆಸಿಕೊಂಡು, ನನ್ನಿಂದ ಕಾಯಿ ಪಡೆದು ವೇದಿಕೆ ಇಳಿಯುತ್ತಿದ್ದರು. ಜಗಳೂರಿನ ಬೀಗರನ್ನು ಬಾಗಿಲವರೆಗೆ ಕಳಿಸಿ ತಿರುಗಿದೆ, ಅಷ್ಟೆ. ಬೆಳಕು ಹರಡಲೆಂದು ಮಂಜಣ್ಣ ನಿಲ್ಲಿಸಿದ್ದ ಕೊಡೆ ಲೈಟು ಫ್ಯಾನಿನ ಗಾಳಿಗೆ ಸ್ಟ್ಯಾಂಡ್ ಸಮೇತ ವಾಲುತ್ತಿತ್ತು. ನೇರ ತೊಟ್ಟಿಲ ಕಡೆಗೆ. ನಾನು ಹೆಜ್ಜೆ ಎತ್ತುವಷ್ಟರಲ್ಲಿ ಧಡಾರ್! ಗಾಜಿನ ಚೂರು ತೊಟ್ಟಿಲೊಳಗೆಲ್ಲ ಚೆಲ್ಲಿತು.

ತೊಟ್ಟಿಲು ಖಾಲಿಯಿತ್ತು. ಕೂಸು ಹಸಿದು ಅತ್ತಿದ್ದರಿಂದ ಅದರಮ್ಮ ಆಗಷ್ಟೇ ಎತ್ತಿಕೊಂಡು ಒಳಗೆ ಹೋಗಿದ್ದಳಂತೆ. ಅದು ಅಳದೆ ಇದ್ದಿದ್ದರೆ? ಈಗಲೂ ತರಗತಿಯಲ್ಲಿ ಬೋರ್ಡಿನ ಕಡೆ ತಿರುಗಿದರೆ ಆ ಕೊಡೆ ವಾಲುವುದೇ ಕಾಣುತ್ತದೆ.

ಕೂಸು ಕ್ಷೇಮವೆಂದು ತಿಳಿದ ಕೂಡಲೇ ನನ್ನ ಪಾಠ ಶುರುವಾಯಿತು. "ಬುದ್ಧಿ ಐತೇನೋ ನಿನಗೆ? ಫ್ಯಾನಿನ ಎದುರು ಕೊಡೆ ಬಿಚ್ಚಿಡ್ತಾರಾ? ಸ್ಟ್ಯಾಂಡಿನ ಬುಡಕ್ಕೆ ಭಾರ ಕಟ್ಟಬೇಕು ಅಂತ ಗೊತ್ತಿಲ್ವಾ? ಇನ್ನು ಈ ಸೀಮೆಯಾಗೆ ಯಾರೂ ಇವನನ್ನ ಕರೀಬ್ಯಾಡ್ರಿ!" ಸಭೆ ಹೌದೌದು ಎಂದಿತು. ಅಕ್ಕ ಅಳುತ್ತಲೇ ತಲೆಯಾಡಿಸಿದಳು.

ಮಂಜಣ್ಣ ಬಿಳಿಚಿಕೊಂಡಿದ್ದ. ನನ್ನನ್ನು ಕಂಬದ ಮರೆಗೆ ಕರೆದ. "ಭಾರ ಕಟ್ಟಿದ್ದೆ ಸಾರ್. ಮರಳು ಚೀಲ ಮರೆತು ಬಂದಿದ್ದೆ. ಅದಕ್ಕೆ ಮೂಲೆಯಾಗಿದ್ದ ಕಾಯಿ ಚೀಲಾನೇ ನೇತು ಹಾಕಿದ್ದೆ."

"ಮತ್ತೆ ಅದೆಲ್ಲಿ ಹೋಯ್ತು?"

ಅವನು ಕ್ಯಾಮೆರಾದ ಪರದೆ ತೋರಿಸಿದ. ಬೀಗರಿಗೆ ಕಾಯಿ ಕೊಡುತ್ತಿರುವ ನಾನು. ಪಕ್ಕದಲ್ಲಿ ಲೈಟಿನ ಸ್ಟ್ಯಾಂಡು, ಅದಕ್ಕೆ ಜೋತುಬಿದ್ದ, ಖಾಲಿಯಾದ ಕಾಯಿ ಚೀಲ. ಬಗ್ಗುವ ಕಷ್ಟವಿಲ್ಲದ ಹಾಗೆ ಯಾರೋ ಪುಣ್ಯಾತ್ಮರು ಕೈಗೆಟಕುವಂತೆ ನೇತು ಹಾಕಿದ್ದಾರೆ ಎಂದು ನಾನು ಮನಸ್ಸಿನಲ್ಲೇ ಹರಸಿದ್ದೆ. ಒಂದೊಂದೇ ಕಾಯಿ ತೆಗೆದು, ನಗುನಗುತ್ತಾ, ಆ ತೊಟ್ಟಿಲ ಕಾವಲನ್ನು ಹಂಚಿಬಿಟ್ಟಿದ್ದೆ. ರೀಲಿನ ಕಾಲವಾಗಿದ್ದರೆ ಫೋಟೋ ತೊಳೆದು ಬರುವವರೆಗೆ ಒಂದು ವಾರವಾದರೂ ಮರ್ಯಾದೆಯಿಂದ ಇರಬಹುದಿತ್ತು.

"ಇದೊಂದನ್ನ ಅಳಿಸಿಬಿಡಪ್ಪಾ" ಎಂದೆ.

"ಅಳಿಸ್ಬೋದು ಸಾರ್. ಆದ್ರೆ ಇದೇ ಕೊನೇ ಫೋಟೋ ಅಂತ ಇನ್ನೊಂದು ಕಾರ್ಡು ಆಗಲೇ ತೆಗ್ದು ಕೊಟ್ಟೆ, ಅದು ನಿಮ್ಮ ಅಕ್ಕಾರ ಕೈಯಾಗೈತೆ."

ಅಂದು ಸಂಜೆಯೇ ಅಕ್ಕನಿಗೆ ಎಲ್ಲ ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಅವಳೇ ಫೋನ್ ಮಾಡಿದಳು. ಆಲ್ಬಮ್ಮಿನ ಮೊದಲ ಪುಟಕ್ಕೆ ಅದೇ ಫೋಟೋ ಆರಿಸಿದ್ದಾಳಂತೆ. ಅದರಲ್ಲಿ ನಾನು ಬಹಳ ಜವಾಬ್ದಾರಿಯುತನಾಗಿ ಕಾಣುತ್ತೇನಂತೆ.