ಭಾವನ ಪಾಠಾಂತರಗಳು

ನಮ್ಮ ಅಕ್ಕನ ಗಂಡ ವರ್ಷಗಟ್ಟಲೆಯಿಂದ ಒಂದೇ ಪುಸ್ತಕ ಓದುತ್ತಿದ್ದಾರೆ. ಇನ್ನೂ ಮೊದಲ ಅಧ್ಯಾಯದಲ್ಲೇ ಇದ್ದಾರೆ. ದಡ್ಡರೆಂದು ತಿಳಿಯಬೇಡಿ! ಆ ಪುಸ್ತಕಕ್ಕಾಗಿಯೇ ಫ್ರೆಂಚ್ ಕಲಿತವರು ಅವರು.

ಬರೆದವನು ಹದಿನೆಂಟನೆಯ ಶತಮಾನದ ಒಬ್ಬ ವಿಚಾರವಾದಿ. ಅಚ್ಚು ಹಾಕಿಸಿದರೆ ಸೆರೆಮನೆ ಎಂಬ ಹೆದರಿಕೆಯಿಂದ ಕೈಬರಹದ ಪ್ರತಿಗಳನ್ನೇ ಗೆಳೆಯರಿಗೆ ಹಂಚಿದ. ನಕಲು ಮಾಡಿದವರು ಸುಮ್ಮನಿರುತ್ತಾರೆಯೇ? ಒಬ್ಬ ಒಂದು ಸಾಲು ಬಿಟ್ಟ, ಇನ್ನೊಬ್ಬ ತನಗೆ ತೋಚಿದಂತೆ ತಿದ್ದಿದ. ಹೀಗೆ ಹುಟ್ಟಿದವೇ ಪಾಠಾಂತರಗಳು. ಆ ಪ್ರತಿಗಳ ಚಿತ್ರಗಳನ್ನು ಇಂಟರ್‌ನೆಟ್ಟಿನಿಂದ ಇಳಿಸಿಕೊಂಡು, ಇಲ್ಲಿ ಗಲ್ಫಿನಲ್ಲಿ, ಅಲ್ ವಕ್ರಾದ ಫ್ಲ್ಯಾಟಿನಲ್ಲಿ ಕೂತು ಭಾವ ಸಾಲು ಸಾಲೂ ತಾಳೆ ನೋಡುತ್ತಾರೆ. ಹೊಟ್ಟೆಪಾಡಿಗೆ ಅವರು ರಾಸ್ ಲಫಾನ್‌ನ ಗ್ಯಾಸ್ ಪ್ಲ್ಯಾಂಟಿನಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್. ಹೊಸ ನಕ್ಷೆ ಬಂದೊಡನೆ ಹಳೆಯದನ್ನು ಹರಿದು ಹಾಕಿಸುವುದೇ ಅಲ್ಲಿನ ಕೆಲಸ. ಆ ಪಾಪವನ್ನು ಮನೆಗೆ ಬಂದು ತೊಳೆದುಕೊಳ್ಳುತ್ತಾರೆಂದು ನನ್ನ ಅನುಮಾನ.

ಊಟಕ್ಕೆ ಕೂತರೂ ಇದೇ ಚಾಳಿ. "ಹೋದ ಶುಕ್ರವಾರದ ಸಾರಿನ್ಯಾಗ ಬೆಲ್ಲ ಇತ್ತು. ಇದ್ರಾಗಿಂದ ಯಾರು ತೆಗೆದ್ರು?" ಎಂದರು ಒಮ್ಮೆ.

"ನಕಲು ಮಾಡಿದಾಕಿನ ತೆಗದಾಳ. ಯಲ್ಲಾ, ಉಣ್ರಿ," ಎಂದಳು ಅಕ್ಕ, ಇಲ್ಲಿಯ ಅರಬ್ಬಿ 'ಬೇಗ ಬೇಗ' ಬೆರೆಸಿ. ಭಾವ ಅದನ್ನೇ ಕಲಸಿಕೊಂಡು ಉಂಡರು.

ಈಚೆಗೆ ನನಗೂ ಒಂದು ಪಾಠಾಂತರ ಗಂಟುಬಿತ್ತು. ಧಾರವಾಡದಲ್ಲಿ ಅಪ್ಪ ತೀರಿಕೊಂಡಾಗ ಇಲ್ಲೇ ಕೆಲಸಕ್ಕಿರುವ ನಾನು ಪ್ಲ್ಯಾಂಟಿನೊಳಗಿದ್ದೆ; ಒಳಗೆ ಒಯ್ಯುವಂತಿಲ್ಲವೆಂದು ಫೋನು ಗೇಟಿನಲ್ಲಿತ್ತು. ಹಾಸಿಗೆಯ ಪಕ್ಕ ಇದ್ದವರು ಅವ್ವ, ಅಣ್ಣ, ಮತ್ತು ಊರಿಗೆ ಹೋಗಿದ್ದ ಅಕ್ಕ. ಕೊನೆಗೆ ಅಪ್ಪ ಏನೆಂದರು? ಅವ್ವನ ಪ್ರಕಾರ, "ಸಣ್ಣಾವ ಬಂದನೇನು?" ಅಣ್ಣನ ಪ್ರಕಾರ, "ಸಣ್ಣಾವ ಉಂಡಾನೇನು?" ಅಕ್ಕನ ಪ್ರಕಾರ, "ಸಣ್ಣಾವಗ ಹೇಳಬ್ಯಾಡ್ರಿ, ಗಾಬರಿ ಆಗ್ತಾನ." ಸಣ್ಣಾವ ಎಂದರೆ ನಾನೇ. ಬರಲಾಗದವನ ಸಮಾಧಾನಕ್ಕೆ ಮೂವರೂ ಕಟ್ಟಿ ಹೇಳುತ್ತಿದ್ದಾರೆ ಎನ್ನಿಸಿತು. ಅಪ್ಪ ನನ್ನನ್ನು ನಿಜಕ್ಕೂ ನೆನೆದರೋ ಇಲ್ಲವೋ, ಅಷ್ಟು ತಿಳಿದರೆ ನನಗೆ ಸಾಕಿತ್ತು.

ಭಾವನ ಹತ್ತಿರ ಹೇಳಿಕೊಂಡೆ. ಅವರು ನಗಲಿಲ್ಲ. ಅವ್ವನಿಗೂ ಅಣ್ಣನಿಗೂ ಬೇರೆಬೇರೆಯಾಗಿ ಫೋನ್ ಮಾಡಿ ಕೇಳಿದರು. ಅಕ್ಕನಿಗಂತೂ ಅಡುಗೆಮನೆಯಲ್ಲೇ ಪಾಟೀಸವಾಲು ಹಾಕಿ ಬೈಸಿಕೊಂಡರು. ಆಮೇಲೆ ನನ್ನ ಪಕ್ಕ ಬಂದು ಕೂತರು.

"ಕಟ್ಟಿ ಹೇಳಿದ್ರ ಮೂರೂ ಮಾತು ಒಂದ ಇರ್ತಿದ್ವು, ತಮ್ಮಾ. ಇವು ಬ್ಯಾರೆಬ್ಯಾರೆ ಅದಾವ. ಆದ್ರ ಸಣ್ಣಾವ ಅನ್ನೂದು ಮೂರರಾಗೂ ಐತಿ. ಅದನ್ನ ತೆಗಿಯಾಕ ಯಾರಿಗೂ ಬರೂದಿಲ್ಲ. ನಿನಗೂ ಬರೂದಿಲ್ಲ."

ಅಪ್ಪ ಹೋದ ಮೇಲೆ ನಾನು ಒಮ್ಮೆಯೂ ಅತ್ತಿರಲಿಲ್ಲ. ಅವತ್ತು ಭಾವನ ಹೆಗಲಿಗೆ ತಲೆಯಿಟ್ಟು ಅತ್ತುಬಿಟ್ಟೆ.