ನಮ್ಮತ್ತಿ ಓದಿದ ಪ್ಲ್ಯಾನಿಂಗು

ಯಾರದಾದರೂ ಮನೆಗೆ ಹೋದರೆ ಎಲ್ಲರೂ ಮೊದಲು ಮಂದಿಯ ಮುಖ ನೋಡುತ್ತಾರೆ. ನಮ್ಮತ್ತಿ ಮಾತ್ರ ಬಚ್ಚಲು ನೋಡುತ್ತಾಳೆ.

ಇದು ನಾನು ಕಟ್ಟಿ ಹೇಳುತ್ತಿರುವ ಮಾತಲ್ಲ. ನನಗೆ ಹೆಣ್ಣು ನೋಡಲು ಯಾದಗಿರಿಗೆ ಹೋದ ದಿನ, ತಟ್ಟೆಯಲ್ಲಿ ಮಂಡಕ್ಕಿಯ ಸುಸಲಾ ಬಂದಿತ್ತು, ಹುಡುಗಿ ಇನ್ನೂ ಬಂದಿರಲಿಲ್ಲ. ಅತ್ತಿ ತಟ್ಟೆ ಕೆಳಗಿಟ್ಟು ಎದ್ದವಳೇ ಅಡುಗೆಮನೆ ದಾಟಿ ಹಿತ್ತಲಿಗೆ ನಡೆದಳು. ಉಪ್ಪು ಹೆಚ್ಚಾಯಿತೇನೋ ಎಂದು ಹುಡುಗಿಯ ತಂದೆ ನಮ್ಮಪ್ಪನನ್ನು ಮೆಲ್ಲಗೆ ಕೇಳಿದರು. ಅಪ್ಪನಿಗೆ ತಂಗಿಯ ಹಕೀಕತ್ತು ಗೊತ್ತು. ಚಹಾದ ಬಸಿಯ ಹಿಂದೆ ಮುಖ ಅಡಗಿಸಿಕೊಂಡ. ಬಚ್ಚಲ ನೀರು ಯಾವ ಮೋರಿ ಸೇರುತ್ತದೆ, ಮೋರಿ ಯಾವ ಓಣಿಗೆ ತಿರುಗುತ್ತದೆ, ಓಣಿಯ ಕೊನೆಯಲ್ಲಿ ಯಾರಿದ್ದಾರೆ, ಎಲ್ಲ ನೋಡಿಕೊಂಡು ಸೀರೆಯ ನಿರಿಗೆ ಒದ್ದೆ ಮಾಡಿಕೊಂಡು ಅತ್ತಿ ವಾಪಸು ಬಂದಳು.

"ಮನಿ ಚೊಲೊ ಅದರಿ. ನಿಮ್ಮ ನೀರು ಯಾರ ಬಾಗಲಕ್ಕೂ ಹೋಗಂಗಿಲ್ಲ. ನಾವು ಒಪ್ಪೀವಿ."

ಹುಡುಗಿಯನ್ನು ನಾನು ನೋಡಿದ್ದು ಆಮೇಲೆ. ಈ ಸಂಬಂಧ ಕುದುರಿಸಿದ್ದು ತನ್ನ ರೂಪವಲ್ಲ, ತವರಿನ ಗಟಾರು ಎಂದು ನನ್ನ ಹೆಂಡತಿ ಇವತ್ತಿಗೂ ಬೇಜಾರು ಮಾಡಿಕೊಳ್ಳುತ್ತಾಳೆ. ಬೇಜಾರಿಗೆ ಕಾರಣವಿದೆ. ಆದರೆ ಅತ್ತಿಯ ಈ ಗೀಳು ಎಲ್ಲಿಂದ ಬಂತು ಎನ್ನುವುದಕ್ಕೂ ಒಂದು ಕಾರಣವಿದೆ. ಅದನ್ನು ಹೇಳಬೇಕಾದರೆ ನಮ್ಮೂರಿಗೆ ಕಾಲುವೆ ಬಂದ ಕಾಲಕ್ಕೆ ಹೋಗಬೇಕು.

ನಮ್ಮೂರು ಶಹಾಪುರ ತಾಲ್ಲೂಕಿನದು. ಮುತ್ಯಾ, ಅಂದರೆ ನಮ್ಮಪ್ಪನ ಅಪ್ಪ, ಅಲ್ಲಿನ ಪ್ರಾಥಮಿಕ ಶಾಲೆಯ ಮಾಸ್ತರ. ಬೆಳಿಗ್ಗೆ ಎದ್ದು ಬುದ್ಧನ ಪಟದ ಮುಂದೆ ಪಂಚಶೀಲ ಹೇಳಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಕೇರಿಯ ಕೆಸರು ದಾಟಿ ಶಾಲೆಗೆ ಹೋಗುವ ಮನುಷ್ಯ. ಅಪ್ಪ ಶಹಾಪುರದಲ್ಲಿ ಗುಮಾಸ್ತನಾಗಿದ್ದ, ನಾವು ಅಲ್ಲೇ ಬಾಡಿಗೆ ಮನೆಯಲ್ಲಿ. ಅತ್ತಿ ಮುತ್ಯಾನ ಕಿರಿಯ ಮಗಳು. ಕಲಬುರಗಿಯಲ್ಲಿ ಇಂಜಿನಿಯರಿಂಗ್ ಮುಗಿಸಿದವಳು, ಇನ್ನು ಮದುವೆ ಎಂದು ಎಲ್ಲರೂ ಕಾಯುತ್ತಿರುವಾಗ, ನಗರ ಮತ್ತು ಪ್ರಾದೇಶಿಕ ಯೋಜನೆ ಓದಲು ಮೈಸೂರಿಗೆ ಹೋಗುತ್ತೇನೆ ಅಂದಳು. ಮುತ್ಯಾ ಹೂಂ ಅಂದ.

ಹಾಗೆಂದರೆ ಏನೆಂದು ಊರಿಗೆ ಹೇಳುವವರು ಯಾರು? "ಪ್ಲ್ಯಾನಿಂಗ್ ಓದಾಕ ಹೋಗ್ಯಾಳ" ಅಂತ ನಮ್ಮಜ್ಜಿ ಬಾವಿಕಟ್ಟೆಯಲ್ಲಿ ಹೇಳಿದಳು. ನಾವು ಅಜ್ಜಿಗೆ ಆಯಿ ಅನ್ನುತ್ತೇವೆ. ಆ ಕಾಲದಲ್ಲಿ ನಮ್ಮ ಕಡೆ ಪ್ಲ್ಯಾನಿಂಗ್ ಅಂದರೆ ಒಂದೇ ಅರ್ಥ, ಗೋಡೆಗೋಡೆಯ ಮೇಲೆ ಕೆಂಪು ತ್ರಿಕೋನ ಬರೆದಿದ್ದ ಆ ಪ್ಲ್ಯಾನಿಂಗು. ಮಾಸ್ತರ ಮಗಳು ಲಗ್ನವಿಲ್ಲದೆ ಅದನ್ನೇಕೆ ಓದುತ್ತಾಳೆ ಎಂದು ಗಂಡಸರು ಮೂಗಿನ ಮೇಲೆ ಬೆರಳಿಟ್ಟರು. ಹೆಂಗಸರು ಮಾತ್ರ ಅವಳು ರಜೆಗೆ ಬರುವುದನ್ನೇ ಕಾದರು. ಬಂದ ದಿನವೇ ಒಬ್ಬೊಬ್ಬಳಾಗಿ ಹಿತ್ತಲ ಬಾಗಿಲಿಗೆ ಬಂದು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, ಗುಳಿಗಿ ತಂದೀಯೇನವ್ವ ಎಂದು ಕೇಳಿದರು. ಅತ್ತಿ ತಾನು ಓದುವುದು ರಸ್ತೆ, ನೀರು, ಊರು ಎಂದು ತಿಳಿಸಿ ಹೇಳಿ ಸಾಕಾದಳು. ಕೊನೆಗೆ ಅವರನ್ನೆಲ್ಲ ಕರೆದುಕೊಂಡು ಶಹಾಪುರದ ಆಸ್ಪತ್ರೆಗೆ ತಾನೇ ಹೋದಳು. ಹೀಗೆ ಅವಳ ಮೊದಲ ಯೋಜನೆ ಕುಟುಂಬ ಯೋಜನೆಯೇ ಆಯಿತು.

ಮೈಸೂರಿನಲ್ಲೂ ಅವಳ ಪಾಡು ಬೇರೆಯಾಗಿರಲಿಲ್ಲ. ಅವಳು ತರಗತಿಯಲ್ಲಿ ಎದ್ದು ಒಂದು ಪ್ರಶ್ನೆ ಕೇಳಿದರೆ, ಯಾಕಮ್ಮ ಸಿಟ್ಟು ಎಂದು ಮೇಷ್ಟರು ಗಾಬರಿಯಾಗುತ್ತಿದ್ದರಂತೆ. ಜಗಳಾಡುತ್ತಿಲ್ಲ, ಕೇಳುತ್ತಿದ್ದೇನೆ ಅಷ್ಟೇ ಎಂದು ಅವಳು ಇನ್ನೂ ಗಟ್ಟಿಯಾಗಿ ಹೇಳುತ್ತಿದ್ದಳಂತೆ. ಅದೇ ಮೇಷ್ಟರು ಅವಳಿಗೆ ಒಂದು ಪಾಠ ಕಲಿಸಿದರು. ಯಾವುದೇ ಊರಿಗೆ ಹೋಗು, ಮೊದಲು ಇಳಿಜಾರು ನೋಡು, ನೀರು ಹರಿದು ಎಲ್ಲಿಗೆ ಹೋಗುತ್ತದೆ ನೋಡು, ಕೊನೆಗೆ ಆ ನೀರು ನಿಲ್ಲುವಲ್ಲಿ ಯಾರ ಮನೆ ಇದೆ ನೋಡು.

ಮುಂದಿನ ರಜೆಗೆ ಬಂದವಳು ಗೌಂಡಿಯ ಹತ್ತಿರ ಮಟ್ಟ ನೋಡುವ ಪೈಪು ಕೇಳಿ ತಂದಳು. ನೀರು ತುಂಬಿದ ಆ ಉದ್ದನೆಯ ಪೈಪಿನ ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ಮುತ್ಯಾನ ಕೈಯಲ್ಲಿ. ಊರೆಲ್ಲ ಅಳೆದರು. ಮಾಸ್ತರಿಗೆ ಮಗಳು ಮೂಗುದಾಣ ಹಾಕ್ಯಾಳ ಎಂದು ಕಟ್ಟೆಯ ಮೇಲಿನವರು ನಕ್ಕರು. ಮುತ್ಯಾ ಅವರಿಗೂ ನಮಸ್ಕಾರ ಮಾಡಿ ಪೈಪು ಹಿಡಿದು ಮುಂದೆ ನಡೆದ. ಅಳೆದು ಅಳೆದು ಇಬ್ಬರೂ ಬಂದು ನಿಂತಿದ್ದು ನಮ್ಮ ಮನೆಯ ಬಾಗಿಲಲ್ಲೇ.

"ಕೇರಿ ತಗ್ಗಿನ್ಯಾಗ ಅದ ಅಂತ ತಿಳಿಯಾಕ ಮೈಸೂರಿಗಿ ಹೋಗಬೇಕಿತ್ತೇನವ್ವ?" ಅಂದ ಮುತ್ಯಾ.

"ತಗ್ಗಿನಿಂದ ಮ್ಯಾಲ ಹೆಂಗ ಬರಬೇಕು ಅಂತ ತಿಳಿಯಾಕ ಹೋಗೀನಪ್ಪ," ಅಂದಳು ಅತ್ತಿ.

ಆಗಷ್ಟೇ ಕಾಲುವೆಯಲ್ಲಿ ನೀರು ಬಿಟ್ಟಿದ್ದರು. ಜೋಳ, ತೊಗರಿ ಬಿಟ್ಟರೆ ಬೇರೇನೂ ಕಾಣದ ನೆಲದಲ್ಲಿ ಭತ್ತ ನಿಂತಿತು. ನಾಟಿಗೆ ಆಳು ಸಾಲದಾದರು. ಕೇರಿಯ ಹೆಂಗಸರು ದುಡಿಯಲು ಪುಣೆ ಕಡೆಗೆ ಹೋಗುವುದು ತಪ್ಪಿತು. ನಮ್ಮ ಆಯಿ ಸಹ ಮೊದಲ ಸಲ ಮನೆಯಲ್ಲಿ ಅನ್ನ ಮಾಡಿದ ದಿನ ಓಣಿಯವರಿಗೆಲ್ಲ ಒಂದೊಂದು ತುತ್ತು ಹಂಚಿದಳು. ಆ ಖುಷಿ ಸುಳ್ಳಲ್ಲ. ಆದರೆ ಮೇಲಿನ ಗದ್ದೆಗಳಲ್ಲಿ ನಿಂತ ನೀರು ಒಳಗೊಳಗೇ ಬಸಿದು ಕೆಳಗೆ ಬಂತು. ನಮ್ಮ ಮಣ್ಣಿನ ಗೋಡೆಗಳ ಬುಡ ಕಪ್ಪಾದವು, ಆಮೇಲೆ ಬಿಳಿ ಉಪ್ಪು ಕಾರಿದವು. ನೆಲ ಬೆವರತೊಡಗಿತು. ಆಯಿ ಗೋಣಿಚೀಲ ಹಾಸಿದಳು, ಚೀಲವೂ ತೊಯ್ದಿತು.

ಮುಂದಿನ ರಜೆಗೆ ಬಂದ ಅತ್ತಿ ಗೋಡೆ ನೋಡಿ ಸುಮ್ಮನೆ ಕೂಡಲಿಲ್ಲ. ಊರ ಹಿರಿಯರ ಮುಂದೆ, ಕಚೇರಿಗಳ ಮುಂದೆ ನಿಂತು ಕೇರಿಯನ್ನು ಮೇಲಿನ ಗಾಯರಾಣ ಭೂಮಿಗೆ, ಅಂದರೆ ಸರ್ಕಾರದ ಗೋಮಾಳಕ್ಕೆ, ಸ್ಥಳಾಂತರಿಸಬೇಕು ಎಂದು ಕೇಳಿದಳು. ಎಲ್ಲರೂ ನೋಡೋಣ ಅಂದರು. ಕೊನೆಗೆ, ಬಾಕಿಯವರದು ಆಮೇಲೆ ನೋಡಿದರಾಯಿತು, ನೀವಿಬ್ಬರಾದರೂ ಅಣ್ಣನ ಮನೆಗೆ ಹೋಗಿಬಿಡಿ ಎಂದು ಮುತ್ಯಾನನ್ನು ಬೇಡಿಕೊಂಡಳು.

"ನಾನೊಬ್ಬ ಎದ್ದು ಹೋದರ ಉಳಿದವರಿಗಿ ಏನನ್ನಸ್ತದವ್ವ? ಮಾಸ್ತರ ತನ್ನ ಜೀವ ಉಳಿಸ್ಕೊಂಡ ಅಂತಾರ. ನೀ ಓದು ಮುಗಿಸಿ ಬಾ. ಎಲ್ಲರೂ ಕೂಡೇ ಹೋಗೋಣು."

ಅವಳಿಗೆ ಕೊನೆಯ ಪರೀಕ್ಷೆ ಇತ್ತು. ಹೊರಡುವ ಮುಂಚೆ ಮುತ್ಯಾ ಮಲಗುವ ಹೊರಸನ್ನು ಗೋಡೆಯಿಂದ ದೂರ ಎಳೆದು ಮನೆಯ ನಡುವೆ ಹಾಕಿದಳು. ಯಾದಗಿರಿ ಸ್ಟೇಷನ್ನಿನಲ್ಲಿ ರೈಲು ಹತ್ತುವಾಗಲೂ ಹೊರಸು ಅಲ್ಲೇ ಇರಲಿ ಎಂದು ನಮ್ಮಪ್ಪನಿಗೆ ಹೇಳಿದಳು. ಮುತ್ಯಾ ಅದನ್ನು ಮತ್ತೆ ಮೊದಲಿನ ಜಾಗಕ್ಕೆ ಎಳೆದುಕೊಂಡ. ಪೇಪರು ಓದಲು ಕಿಟಕಿಯ ಬೆಳಕು ಆ ಗೋಡೆಯ ಬದಿಗೇ ಬರುತ್ತಿತ್ತು.

ಮಳೆಗಾಲದ ಒಂದು ಭಾನುವಾರ ಮಧ್ಯಾಹ್ನ ಉಂಡು ಮಲಗಿದ್ದಾಗ ಗೋಡೆ ಅವನ ಮೇಲೆ ಬಿತ್ತು. ಆಯಿ ಹೊರಗೆ ಆಡಿಗೆ ಸೊಪ್ಪು ಹಾಕುತ್ತಿದ್ದಳು.

ಮೈಸೂರಿನಿಂದ ಅತ್ತಿ ಬಂದು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಅವಳು ಅಳಲಿಲ್ಲ. ಒಳಗೆ ಹೋಗಿ, ನಿಂತಿದ್ದ ಉಳಿದ ಗೋಡೆಗೆ ಅಂಗೈ ಹಚ್ಚಿ, ತೇವ ಎಲ್ಲಿಯವರೆಗೆ ಏರಿದೆ ಎಂದು ಕೈ ಸರಿಸುತ್ತ ಸರಿಸುತ್ತ ನೋಡಿದಳು. ಓದಿ ಓದಿ ತಲೆ ಕೆಟ್ಟಿದೆ ಎಂದು ಬಂದವರು ಅಂದುಕೊಂಡರು. ಆಯಿ ಅವಳನ್ನೇ ನೋಡುತ್ತಿದ್ದವಳು ಒಂದೇ ಮಾತು ಹೇಳಿದಳು.

"ಬೀಳ್ತದ ಅಂತ ನಿನಗ ಗೊತ್ತಿತ್ತು. ಗೊತ್ತಿದ್ದೂ ಬಿಟ್ಟು ಹೋದಿ."

ಅದಾದ ಮೇಲೆ ಆಯಿ ಅವಳ ಕೂಡ ಮಾತಾಡಲಿಲ್ಲ.

ಅತ್ತಿ ಕೆಲವು ದಿನ ಬಿಟ್ಟು ಹೋಗಿ ಪರೀಕ್ಷೆ ಮುಗಿಸಿದಳು. ಅವಳು ಬರೆದ ಪ್ರಬಂಧ ಕಾಲುವೆ ಕೆಳಗಿನ ಊರುಗಳ ಬಗ್ಗೆಯೇ. ಮೌಖಿಕ ಪರೀಕ್ಷೆಯಲ್ಲಿ ನಡೆದದ್ದನ್ನು ಅವಳ ಗೆಳತಿಯೊಬ್ಬಳು ಎಷ್ಟೋ ವರ್ಷದ ಮೇಲೆ ನಮಗೆ ಹೇಳಿದಳು. ಬಸಿನೀರಿನಿಂದ ಈ ಭಾಗದಲ್ಲಿ ಆಗಿರುವ ನಷ್ಟವೇನು, ಸ್ಪಷ್ಟವಾಗಿ ಹೇಳಮ್ಮ ಎಂದು ಪರೀಕ್ಷಕರು ಕೇಳಿದರಂತೆ.

"ನಮ್ಮಪ್ಪ ರೀ ಸರ್," ಅಂದಳಂತೆ ಅತ್ತಿ.

ಅವರು ಪೆನ್ನಿನ ಮುಚ್ಚಳ ಹಾಕಿದರಂತೆ.

ಓದಿದವರಿಗೆ ದೊಡ್ಡ ಊರುಗಳಲ್ಲಿ ಕೆಲಸವಿತ್ತು. ಅವಳು ಸುರಪುರದ ಒಂದು ಕಚೇರಿಯಲ್ಲಿ ಕೆಲಸ ಹಿಡಿದಳು. ವಾರಕ್ಕೊಮ್ಮೆ ಬಸ್ಸು ಹತ್ತಿ ಊರಿಗೆ ಬರುತ್ತಿದ್ದಳು. ಮನೆಯಲ್ಲಿ ಉಳಿದಿದ್ದ ಒಂದೇ ಕೋಣೆಯಲ್ಲಿ ತಾಯಿ ಮಗಳು ಇಬ್ಬರೂ ಇರುತ್ತಿದ್ದರು, ಆದರೆ ಮಾತೆಲ್ಲ ಬಾಗಿಲಲ್ಲಿ ಕಟ್ಟಿದ ಆಡಿನ ಮೂಲಕ. "ರೊಟ್ಟಿ ಆರಾಕತ್ಯಾವ, ಉಣ್ಣವರು ಉಣ್ಣಬೇಕು" ಅಂತ ಆಯಿ ಆಡಿಗೆ ಹೇಳುವಳು. ಕಾಲುನೋವಿಗೆ ಎಣ್ಣೆ ತಂದಿದ್ದೇನೆ, ಹಚ್ಚಿಕೊಳ್ಳುವವರು ಹಚ್ಚಿಕೊಳ್ಳಲಿ ಎಂದು ಅತ್ತಿಯೂ ಆಡಿಗೇ ಹೇಳುವಳು. ಪಾಪ, ಆ ಆಡು ಒಮ್ಮೆ ಇವಳ ಮುಖ ಒಮ್ಮೆ ಅವಳ ಮುಖ ನೋಡುತ್ತ ಮೇಯುವುದನ್ನೇ ಮರೆಯುತ್ತಿತ್ತು. ನಾವು ನಗುತ್ತಿದ್ದೆವು. ನಕ್ಕು ಹೊರಗೆ ಬಂದ ಮೇಲೆ ಅಪ್ಪ ಕಣ್ಣೊರೆಸಿಕೊಳ್ಳುತ್ತಿದ್ದ.

ವರ್ಷಗಟ್ಟಲೆ ತಿರುಗಿದ ಮೇಲೆ ಗಾಯರಾಣ ಭೂಮಿಯಲ್ಲಿ ಜಾಗ ಸಿಕ್ಕಿತು. ಹೊಸ ಕೇರಿಯ ನಕ್ಷೆ ಅತ್ತಿಯದೇ. ನಕ್ಷೆ ಬರೆಯುವ ಮುಂಚೆ ಅವಳು ಮನೆಮನೆಗೆ ಹೋಗಿ ಕೇಳಿದ ಪ್ರಶ್ನೆಗಳಿಗೆ ಜನ ಮತ್ತೆ ನಕ್ಕರು. ಜ್ವರ ಬಂದರೆ ಮೊದಲು ಯಾರನ್ನು ಕರೆಯುತ್ತೀರಿ? ಸಂಜೆ ಯಾರ ಕಟ್ಟೆಯ ಮೇಲೆ ಕೂಡುತ್ತೀರಿ? ದಿನಾ ಜಗಳಾಡುತ್ತಿದ್ದ ವಾರಗಿತ್ತಿಯರಿಬ್ಬರಿಗೆ ಅವಳು ಎರಡು ತುದಿಗೆ ಒಂದೊಂದು ಮನೆ ಗುರುತು ಹಾಕಿದಳು. ಪುಣ್ಯ ಕಟ್ಟಿಕೊಂಡೆ ಎಂದುಕೊಂಡಳು. ಮರುದಿನ ಇಬ್ಬರೂ ಕೂಡಿಯೇ ಬಂದು ಅತ್ತರು. ಅಷ್ಟು ದೂರ ಹಾಕಿದರೆ ತಾವು ಜಗಳಾಡುವುದು ಯಾರ ಸಂಗಡ? ಅತ್ತಿ ಮೈಸೂರಿನ ಪಾಠ ಬದಿಗಿಟ್ಟಳು. ಗೋಡೆಗೆ ಗೋಡೆ ಹತ್ತಿಸಿ ಕೊಟ್ಟಳು.

ಮನೆಗಳೆದ್ದವು. ಒಂದೊಂದೇ ಸಂಸಾರ ಪಾತ್ರೆ, ಹೊರಸು, ಕೋಳಿ ಸಮೇತ ಮೇಲೆ ಹೋಯಿತು. ಹಳೆಯ ಕೇರಿಯಲ್ಲಿ ಕೊನೆಗೆ ಉಳಿದವಳು ನಮ್ಮ ಆಯಿ ಒಬ್ಬಳೇ. ಗಂಡ ಹೋದ ಜಾಗ ಬಿಟ್ಟು ತಾನು ಬರುವುದಿಲ್ಲ ಎಂದಳು. ಅಪ್ಪ ಹೇಳಿದ, ಮಂದಿ ಹೇಳಿದರು, ಅತ್ತಿ ಆಡಿಗೆ ಹೇಳಿ ಹೇಳಿ ಸೋತಳು. ಇಡೀ ಕೇರಿಯನ್ನು ಕದಲಿಸಿದವಳಿಗೆ ಹೆತ್ತವ್ವ ಕದಲಲಿಲ್ಲ.

ಅವತ್ತು ಸಾಮಾನು ಹೇರಲು ಅಪ್ಪನೂ ನಾನೂ ಬಂಡಿ ತಂದು ಬಾಗಿಲಲ್ಲಿ ನಿಲ್ಲಿಸಿದ್ದೆವು. ಆಯಿ ಏಳಲಿಲ್ಲ. ಮಧ್ಯಾಹ್ನ ಸುರಪುರದಿಂದ ಬಂದ ಅತ್ತಿ ಯಾರನ್ನೂ ಮಾತಾಡಿಸದೆ ಒಳಗೆ ಹೋದಳು. ಮುತ್ಯಾನ ಹೊರಸು ಇದ್ದಲ್ಲೇ ಕೌದಿ ಹಾಸಿ, ಉಳಿದ ಹಸಿಗೋಡೆಗೆ ಹತ್ತಿಕೊಂಡು ಮಲಗಿ ಕಣ್ಣು ಮುಚ್ಚಿದಳು. ಅಪ್ಪ ಏಳೆಂದ, ಏಳಲಿಲ್ಲ. ಆಯಿ ಮೂಲೆಯಲ್ಲಿ ಕೂತು ನೋಡಿದಳು. ಬಹಳ ಹೊತ್ತು ನೋಡಿದಳು. ಆಗ ಗೋಡೆಯ ಮೇಲಿಂದ ಒಂದು ಹೆಂಟೆ ಕಳಚಿ ಅತ್ತಿಯ ತಲೆಯ ಮೇಲೆ ಬಿದ್ದು ಪುಡಿಯಾಯಿತು. ಅತ್ತಿ ಕದಲಲಿಲ್ಲ.

ಆಯಿ ಎದ್ದು ಬಂದ ರಭಸ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಮಗಳ ರಟ್ಟೆ ಹಿಡಿದು ಎಳೆದು ಕೂಡಿಸಿದಳು.

"ಏಳ ನನ್ನವ್ವ. ಈ ಗ್ವಾಡಿಗಿ ಇನ್ನೊಬ್ಬರನ್ನ ನಾ ಕೊಡಂಗಿಲ್ಲ."

ಕೈ ಬಿಡದೆ ಹೊರಗೆ ಕರೆತಂದಳು. ಬಂಡಿ ಹತ್ತಲಿಲ್ಲ, ಹಿಂದೆ ತಿರುಗಿಯೂ ನೋಡಲಿಲ್ಲ. ಇಬ್ಬರೂ ಏರಿನ ದಾರಿಯಲ್ಲಿ ನಡೆದೇ ಹೋದರು. ಬಂಡಿ ಹೊಡೆದುಕೊಂಡು ನಾವು ಹಿಂದೆ ಹೋದೆವು.

ಹೊಸ ಮನೆ ಮುಟ್ಟುವಾಗ ಬಿಸಿಲು ಇಳಿದಿತ್ತು. ಆಯಿ ಒಳಗೆ ಹೋಗದೆ ಹೊಸ್ತಿಲ ಮೇಲೆ ಕೂತಳು. ತಗ್ಗಿನ ಕೇರಿಯಿಂದ ಶಹಾಪುರದ ಗುಡ್ಡ ಕಾಣುತ್ತಿರಲಿಲ್ಲ. ಇಲ್ಲಿಂದ ಇಡೀ ಸಾಲು ಕಾಣುತ್ತಿತ್ತು. ಹಣೆ, ಮೂಗು, ಎದೆ, ಬುದ್ಧ ಮಲಗಿದ ಹಾಗೇ ಇರುವ ಆ ಗುಡ್ಡವನ್ನು ಆಯಿ ಬಹಳ ಹೊತ್ತು ನೋಡಿದಳು.

"ನಿಮ್ಮಪ್ಪನೂ ಹಿಂಗೇ ಅಂಗಾತ ಮಲಗ್ತಿದ್ದ ನೋಡು," ಅಂದಳು. "ಇಲ್ಲಿ ಮಗ್ಗಲಾಗ ಗ್ವಾಡಿ ಇಲ್ಲ. ಇನ್ನ ನಿದ್ದಿ ಮಾಡಲಿ."

ಅತ್ತಿ ಒಂದು ಮೆಟ್ಟಿಲು ಕೆಳಗೆ ಕೂತು ತಾಯಿಯ ಮೊಣಕಾಲಿಗೆ ತಲೆ ಆನಿಸಿದಳು. ಅವಳ ಕೂದಲಲ್ಲಿ ಸಿಕ್ಕಿದ್ದ ಗೋಡೆಯ ಮಣ್ಣನ್ನು ಆಯಿ ಸೆರಗಿನಿಂದ ಮೆಲ್ಲಗೆ ಒರೆಸುತ್ತ ಕೂತಳು.