ಮಧ್ಯಾಹ್ನ ಎರಡೂವರೆಯ ಗ್ಯಾದರಿಂಗ್

ಶಾಲೆಗಳಲ್ಲಿ ಯಾವ ಕಾರ್ಯಕ್ರಮವೂ ಸುಮ್ಮನೆ ನಡೆಯುವುದಿಲ್ಲ, ವಿಜೃಂಭಣೆಯಿಂದ ನಡೆಯುತ್ತದೆ. ಮಕ್ಕಳು ಸುಮ್ಮನೆ ಹಾಡುವುದಿಲ್ಲ, ಸುಶ್ರಾವ್ಯವಾಗಿ ಹಾಡುತ್ತಾರೆ. ಅತಿಥಿಗಳು ಉದ್ದಕ್ಕೆ ಮಾತಾಡಿದರೆ ಅದು ಮಾರ್ಗದರ್ಶನ, ಬೇಗ ಮುಗಿಸಿದರೆ ಹಿತವಚನ. ಇದೆಲ್ಲ ನನಗೆ ಹೇಗೆ ಗೊತ್ತೆಂದರೆ, ಜೋಗೇಶ್ವರಿಯ ನಮ್ಮ ಕನ್ನಡ ಪ್ರಾಥಮಿಕ ಶಾಲೆಯಲ್ಲಿ ಟರ್ಮ್ ಮುಗಿಯುವಾಗ ವರದಿ ಬರೆಯುತ್ತಿದ್ದವಳು ನಾನೇ. ವರದಿ ಮಾತ್ರವಲ್ಲ, ಹಾಡು, ಡ್ರಿಲ್, ಕೈಕೆಲಸ, ನಾಟಕ ಎಲ್ಲವೂ ನನ್ನ ಕೊರಳಿಗೇ ಬಿದ್ದಿದ್ದವು. ಬಿದ್ದಿದ್ದವು ಎನ್ನುವುದು ಪೂರ್ತಿ ಸರಿಯಲ್ಲ. ಹೆಡ್‌ಮಾಸ್ತರರು "ಇದನ್ನ ಯಾರು..." ಎನ್ನುವಷ್ಟರಲ್ಲಿ ನನ್ನ ಕೈ ಮೇಲೆ ಎದ್ದಿರುತ್ತಿತ್ತು. ನನ್ನಿಂದಾಗದ ಕೆಲಸವೂ ಒಂದಿರಬಹುದು ಎಂಬ ಅನುಮಾನ ನನಗೆ ಆಗ ಇರಲಿಲ್ಲ. ಈಗಲೂ ಅಷ್ಟಾಗಿ ಇಲ್ಲ ಎನ್ನುತ್ತಾರೆ ನಮ್ಮ ಮನೆಯವರು.

ಆ ಶಾಲೆಯಲ್ಲಿ ನನಗೆ ಮೂರು ಹೆಸರು. ಉಡುಪಿ, ಮಂಗಳೂರು ಕಡೆಯ ಮಕ್ಕಳಿಗೆ ನಾನು ಟೀಚರ್, ಬಿಜಾಪುರ, ಗುಲ್ಬರ್ಗಾ ಕಡೆಯವರಿಗೆ ಅಕ್ಕೋರು, ಅದೇ ಕಟ್ಟಡದಲ್ಲಿ ಮಧ್ಯಾಹ್ನ ನಡೆಯುವ ಮರಾಠಿ ಶಾಲೆಯವರಿಗೆ ಕಾನಡಿ ಬಾಯಿ. ಬೆಳಗಿನ ಪಾಳಿ ನಮ್ಮದು, ಮಧ್ಯಾಹ್ನದ್ದು ಅವರದು. ಮೆಟ್ಟಿಲ ಬಳಿಯ ದೊಡ್ಡ ಕಪ್ಪುಹಲಗೆ ಮಾತ್ರ ಇಬ್ಬರದೂ. ಅದರ ಮೇಲೆ ನಾನು ಬಣ್ಣದ ಸೀಮೆಸುಣ್ಣದಲ್ಲಿ ಶಾಲಾ ಸಮಾಚಾರ ಬರೆಯುತ್ತಿದ್ದೆ. ಮೂರನೇ ಇಯತ್ತೆ, ಎಂದರೆ ಮೂರನೇ ಕ್ಲಾಸಿನವರು, ಮಣ್ಣಿನಲ್ಲಿ ಮಾವಿನಹಣ್ಣು ಮಾಡಿದರು. ಗೋಣಿಚೀಲದ ಓಟ ಯಶಸ್ವಿಯಾಗಿ ನಡೆಯಿತು. ಆ ಚೀಲಗಳನ್ನು ನಾವು ಹೋಟೆಲಿನಿಂದ ಎರವಲು ತಂದಿದ್ದರಿಂದ ಗೆದ್ದವನೂ ಸೋತವನೂ ನಖಶಿಖಾಂತ ಮೈದಾಹಿಟ್ಟಾಗಿದ್ದರು ಎಂಬುದನ್ನು ಬರೆಯುತ್ತಿರಲಿಲ್ಲ. ಹನ್ನೆರಡೂವರೆಗೆ ಮರಾಠಿ ಮಾನಿಟರ್ ಬಂದು ನಮ್ಮ ಸಮಾಚಾರವನ್ನೆಲ್ಲ ಒಂದೇ ಕೈಯಲ್ಲಿ ಒರೆಸಿ ಅವರ ಸುವಿಚಾರ ಬರೆಯುತ್ತಿದ್ದ. ನಮ್ಮ ಸಾಧನೆಗಳ ಆಯುಷ್ಯ ಅಷ್ಟೇ.

ಏಪ್ರಿಲ್ ಕೊನೆಗೆ, ಪರೀಕ್ಷೆ ಮುಗಿದು ರಿಸಲ್ಟ್ ಹೇಳುವ ಮುಂಚೆ ಗ್ಯಾದರಿಂಗ್, ಎಂದರೆ ಶಾಲೆಯ ವಾರ್ಷಿಕೋತ್ಸವ. ಅದು ಯಾವಾಗಲೂ ಸಂಜೆಗೆ ನಡೆಯುತ್ತಿತ್ತು, ಸಭಿಕರೆಂದರೆ ತಾಯಂದಿರು ಮತ್ತು ಅವರ ಮಡಿಲಲ್ಲಿ ಅಳುವ ಕೂಸುಗಳು. ತಂದೆಯರು ಬರುತ್ತಿರಲಿಲ್ಲ. ನಮ್ಮ ಮಕ್ಕಳಲ್ಲಿ ಹೆಚ್ಚಿನವರ ತಂದೆಯರು ಹೋಟೆಲಿನವರು. ಊರಿಗೆ ಊರೇ ಆಫೀಸು, ಫ್ಯಾಕ್ಟರಿ ಬಿಟ್ಟು ಲೋಕಲ್ ರೈಲಿನಿಂದ ಇಳಿದು ಚಾ ಕುಡಿಯಲು ನುಗ್ಗುವ ಹೊತ್ತಿನಲ್ಲಿ ಹೋಟೆಲಿನವನು ಮಗಳ ಹಾಡು ಕೇಳಲು ಹೋಗುವುದು ಸಾಧ್ಯವೇ? ಆ ವಿಷಯ ನನ್ನ ತಲೆಗೆ ಹೊಕ್ಕಿದ್ದು ಸರೋಜಳಿಂದ. ಅವಳು ನಾಲ್ಕನೇ ಇಯತ್ತೆ, ನಮ್ಮಲ್ಲಿ ಕೊನೆಯ ವರ್ಷ. ಅವಳ ತಂದೆ ಬಾಬಣ್ಣ ಸ್ಟೇಷನ್ ಎದುರಿನ ಶೆಟ್ಟರ ಹೋಟೆಲಿನಲ್ಲಿ ಸಪ್ಲೈಯರ್. ಹಿಂದಿನ ಗ್ಯಾದರಿಂಗುಗಳಲ್ಲಿ ಸರೋಜ ಮರವಾಗಿದ್ದಳು, ಜಿಂಕೆಯಾಗಿದ್ದಳು, ಕಳೆದ ಸಲ ಭಾರತಮಾತೆಯೂ ಆಗಿದ್ದಳು. ಈ ಸಲ ನಾನೇ ಬರೆದ ನಾಟಕದಲ್ಲಿ ಅವಳಿಗೆ ರಾಜನ ಪಾತ್ರ.

ರಿಹರ್ಸಲ್ ಮುಗಿಸಿ ಕಿರೀಟ ತೆಗೆದಿಡುತ್ತಾ ಅವಳು ಹೇಳಿದಳು: "ಟೀಚರ್, ನಮ್ಮ ಪಪ್ಪ ಒಮ್ಮೆ ಸಹ ನೋಡ್ಲಿಲ್ಲ. ನಾನು ಮರ ಆದದ್ದು ಬಿಡಿ, ಪರ್ವಾ ಇಲ್ಲ. ಭಾರತಮಾತೆ ಆದದ್ದನ್ನೂ ನೋಡ್ಲಿಲ್ಲ. ಈಗ ರಾಜ. ಮುಂದಿನ ವರ್ಷ ನಂಗೆ ದುಸ್ರಾ ಶಾಲೆ."

"ನಿನ್ನ ಪಪ್ಪನಿಗೆ ಬಿಡುವೇ ಇಲ್ಲವೇನೇ?" ಎಂದೆ.

"ಎರಡು ಗಂಟೆ ಮೇಲೆ ಮನೆಗೆ ಬರ್ತಾರೆ. ಬಂದು ಮಲಗ್ತಾರೆ."

ಎರಡು ವಾಕ್ಯಗಳಲ್ಲಿ ಮೊದಲನೆಯದು ಮಾತ್ರ ನನ್ನ ಕಿವಿಗೆ ಬಿತ್ತು. ಆತ್ಮವಿಶ್ವಾಸ ಇರುವವರ ಕಿವಿಯೇ ಹಾಗೆ, ತಮಗೆ ಬೇಕಾದಷ್ಟನ್ನು ಕೇಳಿಸಿಕೊಂಡು ಬಾಗಿಲು ಹಾಕಿಕೊಳ್ಳುತ್ತದೆ. ಮಧ್ಯಾಹ್ನದ ಊಟದ ರಶ್ ಮುಗಿದ ಮೇಲೆ ಚಾ ಟೈಮಿನವರೆಗೆ ಇಡೀ ಮುಂಬಯಿಯ ಹೋಟೆಲುಗಳು ಖಾಲಿ. ಹಾಗಾದರೆ ಗ್ಯಾದರಿಂಗನ್ನು ಮಧ್ಯಾಹ್ನ ಎರಡೂವರೆಗೆ ಇಟ್ಟರಾಯಿತು. ಇಷ್ಟು ಸುಲಭದ ಉಪಾಯ ಇಷ್ಟು ವರ್ಷ ಯಾರಿಗೂ ಹೊಳೆಯಲಿಲ್ಲವಲ್ಲ ಎಂದು ನನಗೆ ನನ್ನ ಬಗ್ಗೆಯೇ ಬಹಳ ಹೆಮ್ಮೆಯಾಯಿತು.

ಹೆಡ್‌ಮಾಸ್ತರ್ ಪಾಟೀಲರು ಬಿಜಾಪುರದ ಕಡೆಯವರು, ಬಿಸಿಲಿನ ಮರ್ಯಾದೆ ಬಲ್ಲವರು. "ಅಕ್ಕೋರ, ಏಪ್ರಿಲ್ ತಿಂಗಳದಾಗ ಮಧ್ಯಾಹ್ನ ನಾಟಕಾ ಅಂದ್ರ ಯಾರ್ ಬರ್ತಾರ್ರೀ? ಈ ಬಿಸಲಾಗ ನಮ್ಮ ಕಡೆ ಎಮ್ಮಿ ಸುದ್ದಾ ಹೊರಗ ಬೀಳೂದಿಲ್ಲ" ಎಂದರು. ಹೋಟೆಲಿನವರು ಎಮ್ಮೆಗಳಲ್ಲ ಎಂದು ನಾನು ಅವರಿಗೆ ತಿಳಿಸಿದೆ. ಮರಾಠಿ ಶಾಲೆಯ ಮುಖ್ಯಾಧ್ಯಾಪಕಿ ಜೋಶಿ ಬಾಯಿ ಹಾಲ್ ಬಿಟ್ಟುಕೊಡಲು ಒಪ್ಪಿದರೂ ಕನ್ನಡಕದ ಮೇಲಿನಿಂದ ನೋಡಿ, "ದುಪಾರೀ? ಕೋಣ್ ಯೇಣಾರ್ ಬಾಯಿ?" ಎಂದು ಅದೇ ಪ್ರಶ್ನೆ ಕೇಳಿದರು. "ಸಗಳೇ ಯೇತೀಲ್" ಎಂದೆ. ಎಲ್ಲರೂ ಬರುತ್ತಾರೆ ಎಂದು ಮರಾಠಿಯಲ್ಲಿ ಹೇಳುವಾಗ ನನ್ನ ಧೈರ್ಯ ಇನ್ನೂ ಒಂದು ತೂಕ ಹೆಚ್ಚುತ್ತಿತ್ತು.

ಉಳಿದದ್ದು ಶೆಟ್ಟರು. ಅವರು ಗಲ್ಲಾದ ಮೇಲೆ ಕುಳಿತಿದ್ದಾಗ ಹೋಗಿ, ಈ ಸಲದ ಮುಖ್ಯ ಅತಿಥಿ ನೀವೇ ಎಂದು ಮೊದಲು ಹೇಳಿ, ಜನರನ್ನು ಕಳಿಸಿಕೊಡಿ ಎಂದು ಆಮೇಲೆ ಹೇಳಿದೆ. ಈ ಅನುಕ್ರಮ ಬಹಳ ಮುಖ್ಯ. "ಮಕ್ಕಳ ಕೆಲಸಕ್ಕೆ ಇಲ್ಲ ಅನ್ಲಿಕ್ಕೆ ಆಗ್ತದಾ ಟೀಚರ್? ಕಳಿಸ್ತೇನೆ. ಉಳಿದ ಹೋಟೆಲಿನವರಿಗೂ ನಾನೇ ಹೇಳ್ತೇನೆ. ಆದ್ರೆ ನಾಲ್ಕಕ್ಕೆ ಎಲ್ಲ ವಾಪಸ್ ಬೇಕು ಮಾರಾಯ್ರೆ, ಚಾ ಟೈಮ್" ಎಂದರು. ಪಕ್ಕದಲ್ಲಿ ಟೇಬಲ್ ಒರೆಸುತ್ತಿದ್ದ ಬಾಬಣ್ಣ ಒರೆಸಿದ ಟೇಬಲನ್ನೇ ಮತ್ತೆ ಮತ್ತೆ ಒರೆಸುತ್ತಾ ನನ್ನ ಕಡೆ ನೋಡಿ ನಕ್ಕರು.

ಗ್ಯಾದರಿಂಗಿನ ದಿನ ನಾನು ಹೇಳಿದ್ದು ಹೇಳಿದಂತೆ ಆಯಿತು. ಎರಡೂವರೆಗೆ ಸರಿಯಾಗಿ ಗಂಡಸರು ಸಾಲು ಸಾಲಾಗಿ ಬಂದರು. ಸ್ನಾನ ಮಾಡಿ, ಕೂದಲಿಗೆ ಎಣ್ಣೆ ಹಚ್ಚಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಸಪ್ಲೈಯರುಗಳು, ಅಡಿಗೆ ಭಟ್ಟರು, ದೋಸೆ ಹುಯ್ಯುವವರು, ರುಬ್ಬುವವರು. ಹಾಲ್ ತುಂಬಿ ಬಾಗಿಲವರೆಗೆ ಜನ. ಜೋಶಿ ಬಾಯಿ ಇಣುಕಿ ನೋಡಿ ಹುಬ್ಬೇರಿಸಿದರು. ನಾನು ಆ ಹುಬ್ಬನ್ನು ಬಹಳ ಹೊತ್ತು ಮನಸ್ಸಿನಲ್ಲಿಟ್ಟುಕೊಂಡು ಸಂತೋಷಪಟ್ಟೆ. ಪರದೆಯ ಸಂದಿಯಿಂದ ಸರೋಜ ತಂದೆಯನ್ನು ಹುಡುಕಿದಳು. ಬಾಬಣ್ಣ ಎರಡನೇ ಸಾಲಿನಲ್ಲೇ ಇದ್ದರು. ಅವಳ ಮುಖ ಅರಳಿದ್ದನ್ನು ಕಂಡು ನನ್ನ ಕಣ್ಣಲ್ಲಿ ನೀರು ಬಂತು. ಮೂರು ವರ್ಷದ ಆಸೆ ನನ್ನಿಂದಾಗಿ ಕೈಗೂಡಿತು ಎಂದುಕೊಂಡೆ. ಅದರಲ್ಲಿ 'ನನ್ನಿಂದಾಗಿ' ಎಂಬುದನ್ನು ಸ್ವಲ್ಪ ಗಟ್ಟಿಯಾಗಿಯೇ ಅಂದುಕೊಂಡೆ.

ಇನ್ನು ನಾಟಕದ ವಿಷಯ ಹೇಳಬೇಕು. ನಾನು ಬರೆದದ್ದು ನಿದ್ದೆ ಬಾರದ ಒಬ್ಬ ಮಹಾರಾಜನ ಕಥೆ. ರಾಜನಿಗೆ ನಿದ್ದೆ ಬರುವುದಿಲ್ಲ, ಮಲಗಿಸಿದವರಿಗೆ ಬಹುಮಾನ ಎಂದು ಡಂಗುರ. ಮೊದಲ ದೃಶ್ಯದಲ್ಲಿ ಎರಡನೇ ಇಯತ್ತೆಯ ಹುಡುಗಿಯರೆಲ್ಲ ಸೇರಿ ರಾಜನಿಗೆ ಬೀಸಣಿಗೆ ಬೀಸುತ್ತಾ ಜೋಗುಳ ಹಾಡುತ್ತಾರೆ. ಜೋಗುಳಕ್ಕೆ ನಾನೇ ಹಾರ್ಮೋನಿಯಂ. ಏಳು ನುಡಿಯ ಜೋಗುಳ. ಮೇಲೆ ನಾಲ್ಕು ಫ್ಯಾನು ತಿರುಗುತ್ತಿದ್ದವು, ಕಿಟಕಿಗಳಿಗೆ ಬಿಸಿಲು ಬಾರದಂತೆ ಪರದೆ ಎಳೆದಿದ್ದೆವು, ಮಕ್ಕಳು ಸುಶ್ರಾವ್ಯವಾಗಿ ಹಾಡುತ್ತಿದ್ದರು. ಇಷ್ಟೆಲ್ಲ ಏರ್ಪಾಡು ಮಾಡಿಕೊಂಡು, ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಅಲ್ಲಿಯವರೆಗೆ ನಿಂತೇ ಇದ್ದ ಜನರನ್ನು ನಾನು ಕುರ್ಚಿಗಳ ಮೇಲೆ ಕೂರಿಸಿದ್ದೆ.

ಐದನೇ ನುಡಿಯಲ್ಲಿ ಏನೋ ಬೇರೆ ಶ್ರುತಿ ಸೇರಿದಂತಾಯಿತು. ಹಾರ್ಮೋನಿಯಂ ಕೆಟ್ಟಿತೇ ಎಂದು ತಲೆ ಎತ್ತಿದರೆ ಅದು ಗೊರಕೆ. ದೋಸೆ ಹುಯ್ಯುವವರ ಸಾಲು ಪೂರ್ತಿ ಒಂದೇ ಕಡೆಗೆ ವಾಲಿತ್ತು. ಭಟ್ಟರ ಗದ್ದ ಎದೆಗೆ ಇಳಿದಿತ್ತು. ಮುಖ್ಯ ಅತಿಥಿ ಶೆಟ್ಟರು ಹಾರ ಹಾಕಿಕೊಂಡೇ, ಬಾಯಿ ತುಸು ತೆರೆದು, ನಿಶ್ಚಿಂತರಾಗಿ ಮಲಗಿದ್ದರು. ಬಾಬಣ್ಣನೂ ಮಲಗಿದ್ದರು. ಎಚ್ಚರ ಇದ್ದವರು ತಾಯಂದಿರು, ಜೋಶಿ ಬಾಯಿ, ಪಾಟೀಲರು ಮತ್ತು ನಾನು. ಪಾಟೀಲರು ಹಾರ್ಮೋನಿಯಂ ಬಳಿ ಬಗ್ಗಿ ಮೆಲ್ಲಗೆ ಹೇಳಿದರು: "ರಾಜಾ ಒಬ್ಬಾವನ್ನ ಬಿಟ್ಟು ಎಲ್ಲಾರಿಗೂ ನಿದ್ದಿ ಬಂತ್ರೀ ಅಕ್ಕೋರ."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅವರ ಮೇಲೆ ಸಿಟ್ಟು ಮಾಡುವ ಹಾಗಿಲ್ಲ, ಜೋಗುಳದ ಮೇಲೆ ಮಾಡುವ ಹಾಗಿಲ್ಲ, ಉಳಿದವಳು ನಾನು. ನನ್ನ ಮೇಲೆ ನನಗೆ ಸಿಟ್ಟು ಬಂದು ಅಭ್ಯಾಸವಿಲ್ಲದ್ದರಿಂದ ಏನು ಮಾಡುವುದೆಂದು ತಿಳಿಯಲಿಲ್ಲ. ವೇದಿಕೆಯ ಮೇಲೆ ಸರೋಜ ಸಿಂಹಾಸನದಲ್ಲಿ ಕುಳಿತು ತಂದೆಯನ್ನೇ ನೋಡುತ್ತಿದ್ದಳು. ಅವಳು ಈಗ ಅತ್ತರೆ ನಾಟಕವೂ ಹೋಯಿತು, ನನ್ನ ಮಾನವೂ ಹೋಯಿತು ಎಂದುಕೊಂಡೆ. ಅವಳು ಅಳಲಿಲ್ಲ. ಕಿರೀಟ ಸರಿಮಾಡಿಕೊಂಡು ಎದ್ದು, ರಾಜದಂಡವನ್ನು ನೆಲಕ್ಕೆ ಕುಟ್ಟಿ, ನಾಟಕದಲ್ಲಿ ಎಲ್ಲಿಯೂ ಇಲ್ಲದ ಮಾತನ್ನು ಪೂರ್ತಿ ಗಂಟಲಿನಿಂದ ಕೂಗಿದಳು.

"ಐದು ನಂಬರಿಗೆ ಗಿರಾಕಿ. ಎರಡು ಮಸಾಲಾ, ಒಂದು ಕಡಕ್ ಚಾ, ಜಲ್ದಿ."

ಅರ್ಧ ಹಾಲ್ ಎದ್ದು ನಿಂತಿತು. "ಬಂತು, ಬಂತು" ಎಂದು ಹತ್ತಾರು ಗಂಟಲುಗಳು. ಬಾಬಣ್ಣ ಆಗಲೇ ಕುರ್ಚಿಗಳ ನಡುವೆ ಎರಡು ಹೆಜ್ಜೆ ಹಾಕಿ ಆಗಿತ್ತು. ಭಟ್ಟರೊಬ್ಬರು ಮುಂದಿದ್ದವರ ಬೆನ್ನನ್ನು ಕಾವಲಿ ಎಂದುಕೊಂಡು ಕೈಯಾಡಿಸಿದರು. ಎಲ್ಲರಿಗಿಂತ ಮೊದಲು ಎದ್ದವರು ಶೆಟ್ಟರು. ಗಲ್ಲಾ ಬಿಟ್ಟು ಇಳಿಯದೆ ಎಷ್ಟೋ ವರ್ಷವಾಗಿದ್ದ ಮನುಷ್ಯ ಹಾರದ ಮೇಲೆಯೇ ಹೆಗಲಿನ ಬಟ್ಟೆ ಹುಡುಕುತ್ತಾ, "ಯಾವ ಟೇಬಲ್?" ಎಂದು ಕೇಳಿದರು. ಅವರು ಮುಂಬಯಿಗೆ ಬಂದು ಮೊದಲು ಮಾಡಿದ ಕೆಲಸ ಯಾವುದೆಂದು ಆ ಎರಡು ಶಬ್ದಗಳಿಂದ ಇಡೀ ಜೋಗೇಶ್ವರಿಗೆ ತಿಳಿಯಿತು. ತಿಳಿದರೇನು, ಅವರೇ ಎಲ್ಲರಿಗಿಂತ ಜೋರಾಗಿ ನಕ್ಕರು. ತಾಯಂದಿರು ಸೆರಗು ಬಾಯಿಗೆ ತುರುಕಿಕೊಂಡರು. ಜೋಶಿ ಬಾಯಿಗೆ ಕನ್ನಡ ಬಾರದಿದ್ದರೂ ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುತ್ತಿದ್ದರು.

"ಏನೇ ಇದು?" ಎಂದು ನಾನು ವೇದಿಕೆಯ ಪಕ್ಕದಿಂದ ಗದರಿದೆ. ಸರೋಜ ರಾಜನ ಗತ್ತಿನಲ್ಲೇ ಉತ್ತರ ಕೊಟ್ಟಳು: "ಮನೇಲಿ ಅಮ್ಮ ಹೀಗೇ ಎಬ್ಬಿಸೋದು ಟೀಚರ್. ಹೆಸರು ಕರೆದ್ರೆ ಏಳುದಿಲ್ಲ."

ಬಾಬಣ್ಣ ನಾಚಿಕೊಂಡು ವೇದಿಕೆಯ ಹತ್ತಿರ ಬಂದು ಮಗಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅವಳ ಕಿರೀಟ, ಅವಳ ಮೀಸೆ, ಅವಳ ತಾಯಿಯ ಧಾರೆ ಸೀರೆಯಲ್ಲಿ ಮಾಡಿದ ನಿಲುವಂಗಿ. ಆಮೇಲೆ ನನ್ನ ಕಡೆ ತಿರುಗಿ, "ಟೀಚರ್, ಸುರುವಿನಿಂದ ಇನ್ನೊಮ್ಮೆ ಮಾಡ್ಸುದಾ? ನಾವು ನಿಂತೇ ನೋಡ್ತೇವೆ. ಕೂತ್ರೆ ಕಣ್ಣು ನಿಲ್ಲುದಿಲ್ಲ" ಎಂದರು. ನಾನು ಗಡಿಯಾರ ನೋಡಿದೆ. ಶೆಟ್ಟರೂ ನೋಡಿದರು. "ಮಾಡ್ಸಿ, ಮಾಡ್ಸಿ. ಇವತ್ತು ಚಾ ಸ್ವಲ್ಪ ತಡ. ಗಿರಾಕಿಗಳು ಎಲ್ಲಿಗೆ ಹೋಗ್ತಾರೆ, ಎಲ್ಲ ಹೋಟೆಲಿನವರೂ ಇಲ್ಲೇ ಇದ್ದಾರೆ" ಎಂದರು.

ಕುರ್ಚಿಗಳನ್ನು ಒಟ್ಟಿ ಬದಿಗಿಟ್ಟೆವು. ಗಂಡಸರೆಲ್ಲ ಗೋಡೆಗುಂಟ, ಹೋಟೆಲಿನಲ್ಲಿ ಗಿರಾಕಿಗಳು ಬರುವ ಮೊದಲು ನಿಲ್ಲುವ ಹಾಗೆ, ಕೈ ಹಿಂದೆ ಕಟ್ಟಿ ನಿಂತರು. ಮುಖ್ಯ ಅತಿಥಿಗಳೂ ನಿಂತರು. ಜೋಗುಳವನ್ನು ನಾನು ಒಂದೇ ನುಡಿಗೆ ಮುಗಿಸಿದೆ. ಮುಂದಿನ ನಾಟಕವನ್ನು ಅವರು ರೆಪ್ಪೆ ಮಿಟುಕಿಸದೆ ನೋಡಿದರು. ಎಲ್ಲಿ ನಗಬೇಕೋ ಅಲ್ಲಿ ನಕ್ಕರು, ನಗಬಾರದ ಕಡೆಯೂ ಧಾರಾಳವಾಗಿ ನಕ್ಕರು. ಸರೋಜ ತನ್ನ ಮಾತುಗಳನ್ನೆಲ್ಲ ಗೋಡೆಯ ಬಳಿ ನಿಂತ ಒಬ್ಬರಿಗೇ ಹೇಳಿದಳು, ನಾನು ತಿದ್ದಲು ಹೋಗಲಿಲ್ಲ. ನನ್ನ ಬದುಕಿನಲ್ಲಿ ನಾನು ಅಷ್ಟು ಖುಷಿಯಾಗಿ ಹಾರ್ಮೋನಿಯಂ ಒತ್ತಿದ್ದು ಇನ್ನೊಮ್ಮೆ ಇಲ್ಲ. ಅವತ್ತು ಸ್ಟೇಷನ್ ಎದುರು ಚಾ ಸಿಗದೆ ಸುಮಾರು ಜನ ಬೈದಾಡಿದರಂತೆ.

ಮರುದಿನ ಕಪ್ಪುಹಲಗೆಯ ಮೇಲೆ ನಾನು ಹೀಗೆ ಬರೆದೆ: ಶಾಲೆಯ ಗ್ಯಾದರಿಂಗ್ ವಿಜೃಂಭಣೆಯಿಂದ ಜರುಗಿತು. ಪಾಲಕರ ಒತ್ತಾಯದ ಮೇರೆಗೆ ನಾಟಕವನ್ನು ಎರಡನೇ ಸಲ ಪ್ರದರ್ಶಿಸಲಾಯಿತು. ಮುಖ್ಯ ಅತಿಥಿಗಳೂ ಸಭಿಕರೂ ಕೊನೆಯವರೆಗೆ ಎದ್ದು ನಿಂತು ಕಲಾವಿದರಿಗೆ ಗೌರವ ಸಲ್ಲಿಸಿದರು. ಪಾಟೀಲರು ಎರಡು ಸಲ ಓದಿ, "ಇದರಾಗ ಸುಳ್ಳು ಅಂತ ಏನೂ ಇಲ್ಲ ನೋಡ್ರಿ" ಎಂದು ಆಶ್ಚರ್ಯದಿಂದ ಹೇಳಿದರು. ಆ ಸಲ ಮರಾಠಿ ಮಾನಿಟರ್ ಕೂಡ ಅದನ್ನು ಒರೆಸಲಿಲ್ಲ. ಜೋಶಿ ಬಾಯಿ ಬೇಡವೆಂದಿದ್ದರಂತೆ.

ಇಲ್ಲಿಗೆ ಮುಗಿಸಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಆದರೆ ಮೇ ರಜೆಗೆ ಊರಿಗೆ ಹೊರಟ ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲೇ ಬಾಬಣ್ಣನ ಸಂಸಾರ. ದಾರಿಯುದ್ದಕ್ಕೂ ನಾನು ಆ ಮಧ್ಯಾಹ್ನದ ಕಥೆಯನ್ನು ನಮ್ಮ ಮನೆಯವರಿಗೆ ಅಭಿನಯಿಸಿ ತೋರಿಸಿ, ನಿದ್ದೆಯಲ್ಲೂ ಮನುಷ್ಯರು ಕೆಲಸ ಮಾಡುತ್ತಾರೆಂದರೆ ಎಷ್ಟು ತಮಾಷೆ ಎಂದು ನಕ್ಕು, ಊಟವಾದ ಮೇಲೆ ಕಣ್ಣು ಮುಚ್ಚಿದ್ದೆ. ಮೂರು ಗಂಟೆಯ ಸುಮಾರಿಗೆ ಬಸ್ಸು ಎಲ್ಲೋ ನಿಂತಿತು. ಚಾ ಕುಡಿಯುವವರು ಇಳಿಯಲಿ ಎಂದು ಕಂಡಕ್ಟರ್ ಉದ್ದಕ್ಕೆ ಸೀಟಿ ಊದಿದ.

ಎಚ್ಚರವಾದಾಗ ನಾನು ಸೀಟಿನಿಂದ ಎದ್ದು, ಎರಡೂ ಕೈಗಳನ್ನು ಮುಂದೆ ಚಾಚಿ ನಿಂತಿದ್ದೆ. "ಒಂದೇ ಸಾಲು. ಸಣ್ಣವರು ಮುಂದೆ. ಮಾತಿಲ್ಲ" ಎಂದು ಹೇಳಿ ಮುಗಿಸಿಯೂ ಆಗಿತ್ತು. ಬಸ್ಸಿನ ನಡುವೆ ಪ್ರಯಾಣಿಕರು ಒಬ್ಬರ ಹಿಂದೊಬ್ಬರು ತೆಪ್ಪಗೆ ಸಾಲಾಗಿ ನಿಂತಿದ್ದರು. ನಮ್ಮ ಮನೆಯವರೂ ನಿಂತಿದ್ದರು. ಸರೋಜ ಓಡಿ ಬಂದು ಸಾಲಿನ ಮುಂದೆ ಸೇರಿಕೊಂಡಳು. ಅವಳ ಹಿಂದೆ ಬಾಬಣ್ಣ ಕೈ ಕಟ್ಟಿ ನಿಂತು, ಮುಖದಲ್ಲಿ ಒಂದಿಷ್ಟೂ ನಗುವಿಲ್ಲದೆ, ಬಹಳ ಮರ್ಯಾದೆಯಿಂದ ಕೇಳಿದರು:

"ಟೀಚರ್, ಯಾವ ಇಯತ್ತೆಯವರು ಮೊದಲು ಇಳಿಯುದು?"